1892ರ ಎಕ್ಸಿಟರ್: ಕ್ಷಯಕ್ಕೆ ಮದ್ದೆಂದು ತಂಗಿಯ ಗುಂಡಿಗೆ ಸುಟ್ಟದ್ದೇಕೆ?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ವಿಜ್ಞಾನ ಸಂಘದ ಭಿತ್ತಿಪತ್ರಿಕೆಗೆ ಸಾಂಕ್ರಾಮಿಕ ರೋಗಗಳು ಮತ್ತು ಮೂಢನಂಬಿಕೆಗಳ ಕುರಿತು ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ಎಕ್ಸಿಟರ್ ಎಂಬ ಹಳ್ಳಿಯಲ್ಲಿ 1892ರ ಮಾರ್ಚ್ 17ರಂದು, ಎರಡು ತಿಂಗಳ ಹಿಂದಷ್ಟೇ ಕ್ಷಯದಿಂದ ತೀರಿಕೊಂಡಿದ್ದ ಮರ್ಸಿ ಬ್ರೌನ್ ಎಂಬ 19 ವರ್ಷದ ಹುಡುಗಿಯ ಶವಪೆಟ್ಟಿಗೆಯನ್ನು ತೆರೆದು, ಅವಳ ಗುಂಡಿಗೆಯನ್ನೂ ಯಕೃತ್ತನ್ನೂ ಹೊರತೆಗೆದು ಹತ್ತಿರದ ಬಂಡೆಯೊಂದರ ಮೇಲೆ ಸುಟ್ಟರೆಂದೂ, ಆ ಬೂದಿಯನ್ನು ಅದೇ ಕಾಯಿಲೆಯಿಂದ ನರಳುತ್ತಿದ್ದ ಅವಳ ಅಣ್ಣ ಎಡ್ವಿನ್‌ಗೆ ನೀರಿನಲ್ಲಿ ಕದಡಿ ಕುಡಿಸಿದರೆಂದೂ ಓದಿದೆ.

ನನ್ನನ್ನು ಕಾಡುತ್ತಿರುವುದು ಆ ಇಸವಿ. ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಅವರು ಕ್ಷಯದ ಸೂಕ್ಷ್ಮಾಣುವನ್ನು ಕಂಡುಹಿಡಿದಿರುವುದಾಗಿ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅಂದರೆ ವಿಜ್ಞಾನ ಉತ್ತರ ಕೊಟ್ಟು ಹತ್ತು ವರ್ಷವಾದ ಮೇಲೆ, ರೈಲು, ತಂತಿ, ದಿನಪತ್ರಿಕೆ ಎಲ್ಲವೂ ಇದ್ದ ಸೀಮೆಯಲ್ಲಿ, ಓದುಬರಹ ಬಲ್ಲ ಜನ ಸತ್ತ ಹುಡುಗಿಯನ್ನು ರಕ್ತಪಿಶಾಚಿ ಎಂದು ನಂಬಿದ್ದಾದರೂ ಹೇಗೆ? ಇನ್ನೊಂದು ಸಂದೇಹವೂ ಇದೆ. ವ್ಯಾಂಪೈರ್ ನಂಬಿಕೆಯ ಮೂಲ ಪಾರ್ಫೀರಿಯ ಎಂಬ ರಕ್ತದೋಷ ಅಥವಾ ರೇಬೀಸ್ ಎಂದು ಹಲವು ಕಡೆ ಬರೆದಿದ್ದಾರೆ. ಅದನ್ನು ಲೇಖನದಲ್ಲಿ ಸೇರಿಸಬಹುದೇ? ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಕಡತಪ್ರಿಯ (ಉತ್ತರ)

ನಿಮ್ಮ ಪ್ರಶ್ನೆಯಲ್ಲಿರುವ ಒಂದು ಪದವನ್ನು ಮೊದಲು ಪಕ್ಕಕ್ಕಿಡೋಣ. ಎಕ್ಸಿಟರಿನ ಜನ ಮರ್ಸಿಯನ್ನು ವ್ಯಾಂಪೈರ್ ಎಂದು ಕರೆಯಲಿಲ್ಲ. ಆ ಹೆಸರನ್ನು ಅಂಟಿಸಿದ್ದು ಪ್ರಾವಿಡೆನ್ಸ್ ನಗರದ ಪತ್ರಿಕೆ. ನ್ಯೂ ಇಂಗ್ಲೆಂಡ್ ಎಂದು ಕರೆಯುವ ಅಮೆರಿಕದ ಈಶಾನ್ಯ ಸೀಮೆಯಲ್ಲಿ ಇಂತಹ ಸುಮಾರು 80 ಪ್ರಸಂಗಗಳನ್ನು ಹುಡುಕಿ ತೆಗೆದ ಜಾನಪದ ವಿದ್ವಾಂಸ ಮೈಕೆಲ್ ಬೆಲ್ ಅವರು ಈ ಸಂಗತಿಯನ್ನು ಒತ್ತಿ ಹೇಳಿದ್ದಾರೆ. ರಾತ್ರಿಯ ಹೊತ್ತು ಗೋರಿಯಿಂದ ಎದ್ದುಬಂದು ಕುತ್ತಿಗೆ ಕಚ್ಚುವ ಹೆಣ ಅವರ ಕಲ್ಪನೆಯಲ್ಲಿರಲಿಲ್ಲ. ಸತ್ತವರ ಗುಂಡಿಗೆಯಲ್ಲಿ ಹಸಿ ರಕ್ತ ಉಳಿದಿದ್ದರೆ, ಆ ಶರೀರಕ್ಕೂ ಮನೆಯಲ್ಲಿ ಬದುಕಿರುವವರಿಗೂ ಏನೋ ಒಂದು ಎಳೆ ಕಡಿಯದೆ ಉಳಿದಿದೆ, ಆ ಎಳೆಯ ಮೂಲಕ ಬದುಕಿರುವವರ ಸತ್ವ ಸೋರಿಹೋಗುತ್ತಿದೆ ಎಂಬುದಷ್ಟೇ ಅವರ ಎಣಿಕೆ. ಅದನ್ನು ಕಡಿಯುವ ಉಪಾಯವೇ ಸುಡುವುದು. ಆದ್ದರಿಂದ ಇದನ್ನು ದೆವ್ವದ ಕಥೆ ಎನ್ನುವುದಕ್ಕಿಂತ, ವೈದ್ಯರು ಕೈಚೆಲ್ಲಿದ ಮೇಲೆ ಮಾಡುವ ಕೊನೆಯ ಮನೆಮದ್ದು ಎನ್ನುವುದು ನಿಜಕ್ಕೆ ಹತ್ತಿರ.

ಆ ಕಾಯಿಲೆಗೆ ಇಂಗ್ಲಿಷಿನಲ್ಲಿ ಆಗ ಇದ್ದ ಹೆಸರು ಕನ್ಸಂಪ್ಷನ್, ಅಂದರೆ ತಿಂದುಹಾಕುವುದು. ನಮ್ಮ ಕ್ಷಯ ಎಂಬ ಪದವೂ ಸವೆಯುವುದನ್ನೇ ಹೇಳುತ್ತದೆ. ಆದರೆ ನಮ್ಮ ಪದದಲ್ಲಿ ಮನುಷ್ಯ ತಾನಾಗಿ ಕರಗುತ್ತಾನೆ, ಅವರ ಪದದಲ್ಲಿ ಏನೋ ಒಂದು ಅವನನ್ನು ತಿನ್ನುತ್ತದೆ. ತಿನ್ನುತ್ತಿರುವುದು ಯಾರು ಎಂಬ ಪ್ರಶ್ನೆ ಆ ಹೆಸರಿನಲ್ಲೇ ಅಡಗಿ ಕುಳಿತಿತ್ತು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಇದು ನನ್ನ ಊಹೆ; ಲೇಖನದಲ್ಲಿ ಬಳಸುವುದಾದರೆ ಊಹೆ ಎಂದೇ ಬರೆಯಿರಿ.

ಇನ್ನು ಬ್ರೌನ್ ಕುಟುಂಬದ ವಿಷಯ. ತಾಯಿ ಮೇರಿ ಎಲೈಜ 1883ರ ಡಿಸೆಂಬರಿನಲ್ಲಿ ತೀರಿಕೊಂಡರು. ಆರು ತಿಂಗಳು ಕಳೆಯುವುದರೊಳಗೆ, 1884ರ ಜೂನ್‌ನಲ್ಲಿ, ಬಟ್ಟೆ ಹೊಲಿಯುತ್ತಿದ್ದ 20 ವರ್ಷದ ಹಿರಿಯ ಮಗಳು ಮೇರಿ ಆಲಿವ್ ಹೋದಳು. ಅನಂತರ ಕೆಲವು ವರ್ಷ ಮನೆ ನೆಮ್ಮದಿಯಾಗಿತ್ತು. ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ ಎಡ್ವಿನ್ ಕಾಯಿಲೆ ಬಿದ್ದಾಗ, ಒಣ ಹವೆಯಿಂದ ಗುಣವಾದೀತೆಂಬ ಅಂದಿನ ವೈದ್ಯಕೀಯ ನಂಬಿಕೆಯಂತೆ ಅವನನ್ನು ದೂರದ ಕೊಲರಾಡೊ ಸ್ಪ್ರಿಂಗ್ಸ್‌ಗೆ ಕಳುಹಿಸಿದರು. ಅವನು ಅಲ್ಲಿರುವಾಗಲೇ ಮರ್ಸಿಗೆ ಶೀಘ್ರಗತಿಯ ಕ್ಷಯ ಹತ್ತಿ, 1892ರ ಜನವರಿ 17ರಂದು ಅವಳು ಸತ್ತಳು. ಎಡ್ವಿನ್ ಗುಣವಾಗದೆ ಊರಿಗೆ ಮರಳಿದ್ದ. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಕ್ಷಯದ ಸೂಕ್ಷ್ಮಾಣು ದೇಹವನ್ನು ಹೊಕ್ಕ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ಮನಿದ್ದು ಬಳಿಕ ತಲೆಯೆತ್ತಬಲ್ಲದು. ಒಬ್ಬರನ್ನು ಹೂತು ಬಂದು ವರ್ಷಗಳಾದ ಮೇಲೆ ಅದೇ ಮನೆಯ ಇನ್ನೊಬ್ಬರು ಅದೇ ಕೆಮ್ಮು ಕೆಮ್ಮತೊಡಗಿದರೆ, ರೋಗ ಸತ್ತವರಿಂದ ಬಂತು ಎಂದು ನೆರೆಯವರು ಲೆಕ್ಕ ಹಾಕಿದ್ದರಲ್ಲಿ ಆಶ್ಚರ್ಯವೇನಿದೆ? ರೋಗ ಸತ್ತವರಿಂದಲೇ ಬಂದಿತ್ತು. ಅವರು ಬದುಕಿದ್ದಾಗ ಬಂದಿತ್ತು ಎಂಬಲ್ಲಿ ಮಾತ್ರ ಲೆಕ್ಕ ತಪ್ಪಿತು.

ತಂದೆ ಜಾರ್ಜ್ ಬ್ರೌನ್ ಅವರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ನೆರೆಹೊರೆಯವರ ಒತ್ತಾಯಕ್ಕೆ ಒಪ್ಪಿಕೊಂಡರು. ಪರೀಕ್ಷೆ ಮಾಡಿದ ವೈದ್ಯ ಹೆರಾಲ್ಡ್ ಮೆಟ್‌ಕಾಫ್ ಅವರಿಗೂ ನಂಬಿಕೆ ಇರಲಿಲ್ಲ. ತಾಯಿ ಮತ್ತು ಅಕ್ಕನ ಗೋರಿಗಳಲ್ಲಿ ಬಹುಮಟ್ಟಿಗೆ ಅಸ್ಥಿಗಳಷ್ಟೇ ಉಳಿದಿದ್ದವು. ಮರ್ಸಿಯ ದೇಹ ಕೆಟ್ಟಿರಲಿಲ್ಲ, ಗುಂಡಿಗೆಯಲ್ಲಿ ರಕ್ತವಿತ್ತು. ಎರಡು ತಿಂಗಳ ಹೆಣಕ್ಕೆ, ಅದೂ ಚಳಿಗಾಲದಲ್ಲಿ, ಇದು ಸಹಜವೆಂದೂ, ಶ್ವಾಸಕೋಶದಲ್ಲಿ ಕ್ಷಯದ ಗುರುತುಗಳಿವೆಯೆಂದೂ ವೈದ್ಯರು ಅಲ್ಲೇ ಹೇಳಿದರು. ಯಾರೂ ಕೇಳಲಿಲ್ಲ. ಎಡ್ವಿನ್ ಮೇ 2ರಂದು ಸತ್ತ.

ಕಾಕ್ ಅವರ ಶೋಧವಾಗಿ ಹತ್ತು ವರ್ಷವಾಗಿತ್ತಲ್ಲ ಎಂದಿರಿ. ಶೋಧ ರೋಗದ ಹೆಸರನ್ನು ಹೇಳಿತು, ಮದ್ದನ್ನು ಕೊಡಲಿಲ್ಲ. ಕ್ಷಯವನ್ನು ನಿಜವಾಗಿ ಗುಣಪಡಿಸಬಲ್ಲ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಎಡ್ವಿನ್‌ನ ಮುಂದೆ ವೈದ್ಯಕೀಯ ಇಟ್ಟಿದ್ದ ಉಪಾಯವೆಂದರೆ ಕೊಲರಾಡೊದ ಗಾಳಿ, ಅದು ಸೋತಿತ್ತು. ಎಕ್ಸಿಟರ್ ಆಗ ಬಡವಾಗುತ್ತಿದ್ದ ಊರು. 1820ರಲ್ಲಿ ಸುಮಾರು 2500 ಇದ್ದ ಜನಸಂಖ್ಯೆ 1892ರ ಹೊತ್ತಿಗೆ ಸಾವಿರಕ್ಕಿಂತ ಕೆಳಗಿಳಿದಿತ್ತು. ಕಲ್ಲುಭೂಮಿಯನ್ನು ಬಿಟ್ಟು ಜನ ಪಡುವಣಕ್ಕೆ ಹೊರಟುಹೋಗಿದ್ದರು, ಉಳಿದವರನ್ನು ಕ್ಷಯ ಕೊಂಡೊಯ್ಯುತ್ತಿತ್ತು.

ಇದು ಒಂದೇ ಊರಿನ ಹುಚ್ಚಲ್ಲ ಎಂಬುದಕ್ಕೆ ಎರಡು ನಿದರ್ಶನ ಸಾಕು. ವರ್ಮಾಂಟಿನ ಮ್ಯಾಂಚೆಸ್ಟರ್‌ನಲ್ಲಿ 1793ರಲ್ಲಿ ಐಸಾಕ್ ಬರ್ಟನ್ ಎಂಬಾತನ ಎರಡನೆಯ ಹೆಂಡತಿಯನ್ನು ಉಳಿಸಲೆಂದು ಮೊದಲ ಹೆಂಡತಿಯ ಶವವನ್ನು ಅಗೆದು, ಉಳಿದಿದ್ದ ಅಂಗಗಳನ್ನು ಕಮ್ಮಾರನ ಕುಲುಮೆಯಲ್ಲಿ ನೂರಾರು ಜನರೆದುರು ಸುಟ್ಟರು. ಎರಡನೆಯವಳೂ ಅದೇ ವರ್ಷ ಸತ್ತಳು. ಕನೆಕ್ಟಿಕಟ್‌ನ ಗ್ರಿಸ್ವೋಲ್ಡ್‌ನಲ್ಲಿ 1990ರಲ್ಲಿ ಜಲ್ಲಿ ಗುಂಡಿಯ ಬಳಿ ಆಡುತ್ತಿದ್ದ ಹುಡುಗರ ಕಣ್ಣಿಗೆ ಬಿದ್ದ ಹಳೆಯ ಸ್ಮಶಾನದಲ್ಲಿ, ಮುಚ್ಚಳದ ಮೇಲೆ ಹಿತ್ತಾಳೆ ಮೊಳೆಗಳಿಂದ ‘ಜೆಬಿ 55’ ಎಂದು ಬರೆದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗಿನ ಅಸ್ಥಿಪಂಜರದ ತಲೆಯನ್ನು ಬೇರ್ಪಡಿಸಿ, ತೊಡೆಮೂಳೆಗಳನ್ನು ಎದೆಯ ಮೇಲೆ ಅಡ್ಡಲಾಗಿ ಇಟ್ಟಿದ್ದರು. ಪಕ್ಕೆಲುಬುಗಳಲ್ಲಿ ಶ್ವಾಸಕೋಶದ ರೋಗದ ಗುರುತುಗಳಿದ್ದವು. ಅಗೆದವರಿಗೆ ಸುಡಲು ಗುಂಡಿಗೆ ಸಿಕ್ಕಿರಲಾರದು, ಅದಕ್ಕೇ ಮೂಳೆಗಳನ್ನೇ ಕದಲಿಸಿ ಮುಗಿಸಿದರು ಎಂದು ಪುರಾತತ್ತ್ವಜ್ಞರು ಊಹಿಸಿದ್ದಾರೆ.

ನ್ಯಾಯವೈದ್ಯೆ (ಉತ್ತರ)

ಕಡತಪ್ರಿಯ ಅವರ ವಿವರಣೆ ಚೆನ್ನಾಗಿದೆ. ನಾನು ನ್ಯಾಯವೈದ್ಯಶಾಸ್ತ್ರ ಕಲಿಸುವವಳಾದ್ದರಿಂದ ಹೆಣದ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಊಟದ ಹೊತ್ತಿನಲ್ಲಿ ಓದುವವರು ಕ್ಷಮಿಸಬೇಕು.

ಪಾರ್ಫೀರಿಯ ವಾದವನ್ನು ದಯವಿಟ್ಟು ಲೇಖನದಿಂದ ಬಿಡಿ. 1985ರಲ್ಲಿ ಡೇವಿಡ್ ಡಾಲ್ಫಿನ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಮುಂದಿಟ್ಟಾಗ ಪತ್ರಿಕೆಗಳು ಹಬ್ಬ ಮಾಡಿದವು. ಆ ರೋಗಿಗಳಿಗೆ ಬಿಸಿಲು ಆಗದು, ಮುಖ ಬಿಳಿಚಿಕೊಳ್ಳುತ್ತದೆ, ಆದ್ದರಿಂದ ಅವರೇ ವ್ಯಾಂಪೈರ್‌ಗಳು ಎಂಬುದು ಅದರ ಸಾರ. ಆದರೆ ಬಿಸಿಲು ತಾಗಿ ಸಾಯುವ ವ್ಯಾಂಪೈರ್ ಹುಟ್ಟಿದ್ದು 1922ರ ಜರ್ಮನ್ ಮೂಕಿ ಚಿತ್ರವೊಂದರಲ್ಲಿ. ಹಳ್ಳಿಗರು ಕಂಡ ವ್ಯಾಂಪೈರ್ ಬಿಳಿಚಿಕೊಂಡವನಲ್ಲ. ಅವನು ಕೆಂಪಗೆ, ದಪ್ಪಗೆ, ಹೊಟ್ಟೆ ಉಬ್ಬಿ ಮಲಗಿದ್ದ. ಸಿನಿಮಾದ ಭೂತಕ್ಕೆ ರೋಗನಿದಾನ ಮಾಡಿ ಹಳ್ಳಿಯ ಭೂತಕ್ಕೆ ಮದ್ದು ಬರೆದಂತಾಯಿತು. ಅದರಿಂದಾಗಿ ನಿಜವಾದ ರೋಗಿಗಳ ಮೇಲೆ ಒಂದು ಕಳಂಕ ಬಿದ್ದದ್ದು ಬೇರೆ. ರೇಬೀಸ್ ವಾದ ಅಷ್ಟು ಸಡಿಲವಲ್ಲ. 1998ರಲ್ಲಿ ಸ್ಪೇನಿನ ನರರೋಗತಜ್ಞ ಹ್ವಾನ್ ಗೊಮೆಸ್ ಅಲೋನ್ಸೊ ಅವರು, 1720ರ ದಶಕದಲ್ಲಿ ಹಂಗೇರಿಯಲ್ಲಿ ಹಬ್ಬಿದ್ದ ರೇಬೀಸ್ ಹಾವಳಿಯನ್ನು ತೋರಿಸಿ ಅದನ್ನು ಮಂಡಿಸಿದರು. ಅಷ್ಟಾದರೂ ಅದು ವಿವರಿಸುವುದು ಕಚ್ಚುವ ಬದುಕಿದ ಮನುಷ್ಯನನ್ನು. ನಮ್ಮೆದುರು ಇರುವುದು ಹೂತ ಹೆಣ.

ಆ ಹೆಣದಲ್ಲಿ ಏನಾಗುತ್ತದೆ? ಕರುಳಿನ ಸೂಕ್ಷ್ಮಾಣುಗಳು ಅನಿಲ ಹುಟ್ಟಿಸುವುದರಿಂದ ಹೊಟ್ಟೆ, ಎದೆ, ಮುಖ ಊದಿಕೊಳ್ಳುತ್ತವೆ. ಬದುಕಿದ್ದಾಗ ಒಣಗಿ ಕಡ್ಡಿಯಾಗಿದ್ದವನು ಗೋರಿಯಲ್ಲಿ ಮೈತುಂಬಿಕೊಂಡಂತೆ ಕಾಣುತ್ತಾನೆ. ಆ ಒತ್ತಡಕ್ಕೆ ಶ್ವಾಸಕೋಶ ಮತ್ತು ಜಠರದಿಂದ ಕಪ್ಪುಗೆಂಪು ದ್ರವ ಬಾಯಿ, ಮೂಗುಗಳಿಂದ ಹೊರಬರುತ್ತದೆ. ನೋಡಿದವರಿಗೆ ಅದು ಆಗತಾನೆ ಕುಡಿದ ರಕ್ತ. ಹೊರಚರ್ಮ ಉಗುರುಗಳ ಸಮೇತ ಕಳಚಿಕೊಂಡು ಕೆಳಗಿನ ಪದರ ಹೊಳೆಯುತ್ತದೆ. ನೋಡಿದವರಿಗೆ ಅದು ಹೊಸ ಚರ್ಮ, ಹೊಸ ಉಗುರು. ಹೆಪ್ಪುಗಟ್ಟಿದ ರಕ್ತ ಸಾವಿನ ನಂತರ ಮತ್ತೆ ದ್ರವವಾಗುವುದೂ ಉಂಟು. ಎದೆಗೆ ಗೂಟ ಹೊಡೆದಾಗ ಒಳಗಿನ ಅನಿಲ ಗಂಟಲಿನ ಮೂಲಕ ನುಗ್ಗಿ ನರಳಿದ ಸದ್ದು ಬರುವುದೂ ಸಾಧ್ಯ. ಆ ಜನ ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದರು. ಕೊಳೆಯುವ ವೇಗ ಮಣ್ಣು, ತೇವ, ಚಳಿ, ಹೂತ ಆಳ ಇವುಗಳ ಮೇಲೆ ನಿಂತಿದೆ. ಒಂದೇ ಸ್ಮಶಾನದಲ್ಲಿ ಒಂದು ದೇಹ ಮೂಳೆಯಾಗಿ ಇನ್ನೊಂದು ಹಸಿಯಾಗಿ ಉಳಿಯುವುದು ಅಪರೂಪವೇನಲ್ಲ. ಸಾಮಾನ್ಯ ದಿನಗಳಲ್ಲಿ ಯಾರೂ ಗೋರಿ ಅಗೆದು ನೋಡುವುದಿಲ್ಲವಾದ್ದರಿಂದ, ಯಾವುದು ಸಹಜ ಎಂದು ತಿಳಿಯುವ ದಾರಿಯೂ ಅವರಿಗೆ ಇರಲಿಲ್ಲ.

ತುಂಗಾತೀರ

ಇಬ್ಬರಿಗೂ ಧನ್ಯವಾದಗಳು. ಪಾರ್ಫೀರಿಯವನ್ನು ಬಿಟ್ಟೆ. ಮೇಡಂ ಹೇಳಿದ ‘ಕೆಂಪಗೆ, ದಪ್ಪಗೆ’ ಎಂಬ ಹಳ್ಳಿಯ ವ್ಯಾಂಪೈರ್‌ನ ವರ್ಣನೆ ಎಲ್ಲಿಂದ ಬಂತು? ಯಾರಾದರೂ ಆ ಕಾಲದಲ್ಲೇ ಪರೀಕ್ಷಿಸಿ ಬರೆದಿಟ್ಟಿದ್ದಾರೆಯೇ?

ಕಡತಪ್ರಿಯ (ಉತ್ತರ)

ಬರೆದಿಟ್ಟಿದ್ದಾರೆ, ಅದೂ ಸರಕಾರಿ ಕಡತಗಳಲ್ಲಿ. 1718ರ ಒಪ್ಪಂದದ ನಂತರ ಉತ್ತರ ಸರ್ಬಿಯ ತುರ್ಕರ ಕೈಯಿಂದ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ರಾಜವಂಶದ ಆಳ್ವಿಕೆಗೆ ಬಂತು. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಪೀಟರ್ ಬ್ಲಗೊಯೆವಿಚ್ ಎಂಬಾತ ಸತ್ತ ಮೇಲೆ, ಎಂಟು ದಿನಗಳಲ್ಲಿ ಒಂಬತ್ತು ಜನ, ಒಂದೇ ದಿನದ ಕಾಯಿಲೆಯಿಂದ ಸತ್ತರು. ಹಳ್ಳಿಗರು ಫ್ರೊಂಬಾಲ್ಡ್ ಎಂಬ ಅಧಿಕಾರಿಯ ಬಳಿಗೆ ಹೋಗಿ, ಗೋರಿ ತೆರೆಯಲು ಅನುಮತಿ ಕೊಡದಿದ್ದರೆ ಊರನ್ನೇ ತೊರೆಯುತ್ತೇವೆ, ತುರ್ಕರ ಕಾಲದಲ್ಲಿ ಹೀಗೆಯೇ ಒಂದು ಹಳ್ಳಿ ಪೂರ್ತಿ ನಾಶವಾಗಿತ್ತು ಎಂದು ಪಟ್ಟು ಹಿಡಿದರು. ಅವನು ಹೋಗಿ ನೋಡಿ, ಬಾಯಲ್ಲಿ ಹಸಿ ರಕ್ತ, ಹೊಸ ಚರ್ಮ, ಹೊಸ ಉಗುರು ಎಂದೆಲ್ಲ ವರದಿ ಬರೆದ. ವಿಯೆನ್ನಾದ ಪತ್ರಿಕೆಯೊಂದು ಅದೇ ಜುಲೈನಲ್ಲಿ ಅದನ್ನು ಅಚ್ಚುಹಾಕಿತು. ವರದಿಯ ಕೊನೆಯಲ್ಲಿ ಆತ, ಇದರಲ್ಲಿ ತಪ್ಪೇನಾದರೂ ನಡೆದಿದ್ದರೆ ಹೊಣೆ ತನ್ನದಲ್ಲ, ಭಯದಿಂದ ಮೈಮರೆತಿದ್ದ ಜನರದು ಎಂದು ಸೇರಿಸಿದ್ದಾನೆ. ಸರಕಾರಿ ಬರವಣಿಗೆಯ ಈ ವರಸೆ ನಮಗೆ ಅಪರಿಚಿತವಲ್ಲ.

ಇನ್ನೊಂದು ಪ್ರಕರಣ ಮೆದ್ವೆಜ ಎಂಬ ಹಳ್ಳಿಯದು. ನಿಮ್ಮ ಲೇಖನಕ್ಕೆ ಇದೇ ಹೆಚ್ಚು ಹೊಂದುತ್ತದೆ. ಅಲ್ಲಿ 1731ರ ಕೊನೆಯಲ್ಲಿ ಸಾವುಗಳು ಹೆಚ್ಚಿದಾಗ, ಮೊದಲು ಕಳುಹಿಸಿದ್ದು ಗ್ಲಾಸರ್ ಎಂಬ ಸಾಂಕ್ರಾಮಿಕ ರೋಗಗಳ ವೈದ್ಯನನ್ನು. ಪ್ಲೇಗ್ ಗಡಿ ದಾಟಿ ಬಂದೀತೆಂಬುದು ಆಡಳಿತದ ನಿಜವಾದ ಆತಂಕ. ಆತ ಮನೆಮನೆ ಸುತ್ತಿ, ಸೋಂಕುರೋಗವೇನೂ ಇಲ್ಲ, ಆರ್ಥಡಾಕ್ಸ್ ಪಂಥದ ಕಠಿಣ ಉಪವಾಸದಿಂದ ಜನ ನಿತ್ರಾಣರಾಗಿ ಕಾಯಿಲೆ ಬಿದ್ದಿದ್ದಾರೆ ಎಂದು ಅಂದಾಜು ಮಾಡಿದ. ಅದೇ ವೈದ್ಯ ಗೋರಿಗಳನ್ನು ತೆರೆಸಿ ನೋಡಿದ ಮೇಲೆ, ಹಳ್ಳಿಗರ ಸಮಾಧಾನಕ್ಕಾಗಿ ಅವರು ಕೇಳಿದ ಶಿಕ್ಷೆಗೆ ಅನುಮತಿ ಕೊಡುವುದು ಒಳ್ಳೆಯದೆಂದೂ ಬರೆದ! ಅವನ ಬಳಿಕ ಸೇನಾ ಶಸ್ತ್ರವೈದ್ಯ ಯೋಹಾನ್ ಫ್ಲುಕಿಂಗರ್ ಬಂದು, ಮೂರು ತಿಂಗಳಲ್ಲಿ 17 ಸಾವುಗಳಾಗಿವೆಯೆಂದು ದಾಖಲಿಸಿ, 1732ರ ಜನವರಿ 26ರ ತಾರೀಖಿನ ವರದಿಯಲ್ಲಿ ಕೆಲವು ಶವಗಳು ವ್ಯಾಂಪೈರ್ ಸ್ಥಿತಿಯಲ್ಲಿವೆ ಎಂದೇ ಬರೆದ. ಅವುಗಳ ತಲೆ ಕಡಿದು, ಸುಟ್ಟು, ಬೂದಿಯನ್ನು ಮೊರಾವ ನದಿಗೆ ಚೆಲ್ಲಿದರು. ವ್ಯಾಂಪೈರ್ ಎಂಬ ಪದ ಯೂರೋಪಿನ ಮನೆಮಾತಾದದ್ದು ಈ ವರದಿಯಿಂದ. ವಿದ್ಯಾವಂತರ ವಿರುದ್ಧ ಹಳ್ಳಿಗರು ಎಂಬ ಸರಳ ಚಿತ್ರವನ್ನು ನಿಮ್ಮ ಲೇಖನದಲ್ಲಿ ಬಿಡಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಇಲ್ಲಿ ಸಹಿ ಮಾಡಿದವರೆಲ್ಲ ವೈದ್ಯರು ಮತ್ತು ಸೇನಾಧಿಕಾರಿಗಳು.

ಇದಕ್ಕೆ ತಡೆ ಬಿದ್ದದ್ದು 1755ರಲ್ಲಿ. ಸೈಲೀಷಿಯದಲ್ಲಿ ಇಂತಹುದೇ ಒಂದು ಶವದಹನವಾದಾಗ, ಹ್ಯಾಬ್ಸ್‌ಬರ್ಗ್ ರಾಣಿ ಮರಿಯ ಥೆರೇಸ ತನ್ನ ಆಸ್ಥಾನವೈದ್ಯ ಗೆರಾರ್ಡ್ ವಾನ್ ಸ್ವೀಟನ್ ಅವರಿಂದ ವಿಚಾರಣೆ ಮಾಡಿಸಿ, ಅಧಿಕಾರಿಗಳ ಅಪ್ಪಣೆ ಇಲ್ಲದೆ ಗೋರಿ ಅಗೆಯುವುದನ್ನು ನಿಷೇಧಿಸಿದಳು.

ಮೂಡಲಪಾಯ (ಉತ್ತರ)

ಪ್ಲೇಗಿನ ಪ್ರಸ್ತಾಪ ಬಂದುದರಿಂದ ಒಂದು ಎಚ್ಚರಿಕೆ. ವೆನಿಸ್ ಬಳಿಯ ಲಜರೆತ್ತೊ ನುವೊವೊ ದ್ವೀಪದಲ್ಲಿ 2006ರಲ್ಲಿ, 1576ರ ಪ್ಲೇಗಿನ ಕಾಲದ ಸಾಮೂಹಿಕ ಗುಂಡಿಯೊಂದರಲ್ಲಿ, ಬಾಯಲ್ಲಿ ಇಟ್ಟಿಗೆ ಇದ್ದ ಹೆಂಗಸಿನ ತಲೆಬುರುಡೆ ಸಿಕ್ಕಿದ್ದು ‘ವೆನಿಸಿನ ವ್ಯಾಂಪೈರ್’ ಎಂದು ಬಹಳ ಪ್ರಚಾರವಾಯಿತು. ಅಗೆದ ಮತ್ತೆಯೊ ಬೊರ‍್ರಿನಿ ಅವರ ವಾದಕ್ಕೆ ಆಧಾರ ಇಲ್ಲದಿಲ್ಲ. ಪ್ಲೇಗಿನಲ್ಲಿ ಮೊದಲು ಸತ್ತವರು ಗೋರಿಯೊಳಗೆ ತಮ್ಮ ಶವವಸ್ತ್ರವನ್ನು ಜಗಿಯುತ್ತಾರೆ, ಜಗಿದಷ್ಟು ಕಾಲ ಊರಿನಲ್ಲಿ ಸಾವು ನಿಲ್ಲದು ಎಂಬ ನಂಬಿಕೆ ಜರ್ಮನ್ ಸೀಮೆಗಳಲ್ಲಿ ಗಟ್ಟಿಯಾಗಿತ್ತು. ಸತ್ತವರ ಈ ಜಗಿಯುವಿಕೆಯ ಬಗ್ಗೆ 1679ರಲ್ಲಿ ಫಿಲಿಪ್ ರೋರ್ ಎಂಬಾತ ಲೈಪ್‌ಜಿಗ್‌ನಲ್ಲಿ ಪ್ರಬಂಧವನ್ನೇ ಮಂಡಿಸಿದ್ದ. ಬಾಯಿಗೆ ಮಣ್ಣು, ಕಲ್ಲು ತುರುಕುವುದು ಅದಕ್ಕೆ ಪರಿಹಾರ. ಪ್ಲೇಗಿನ ಗುಂಡಿಗಳನ್ನು ಹೊಸ ಹೆಣಗಳಿಗಾಗಿ ಮತ್ತೆ ಮತ್ತೆ ತೆರೆಯುತ್ತಿದ್ದುದರಿಂದ, ಬಾಯಿಂದ ಹರಿದ ದ್ರವಕ್ಕೆ ಬಟ್ಟೆ ಕರಗಿ ತೂತಾಗಿದ್ದುದು ಗೋರಿ ತೋಡುವವರ ಕಣ್ಣಿಗೆ ಬೀಳುತ್ತಿತ್ತು. ಆದರೆ ಆ ಗುಂಡಿಯಲ್ಲಿ ಇಟ್ಟಿಗೆ, ಕಲ್ಲುಗಳು ಬೇರೆಯೂ ಇದ್ದವು, ಒಂದು ತಾನಾಗಿಯೇ ಬಾಯೊಳಗೆ ಜಾರಿರಬಹುದು ಎಂದು ಇತರ ಇಟಾಲಿಯನ್ ಸಂಶೋಧಕರು ಆಕ್ಷೇಪಿಸಿದ್ದಾರೆ. ಬರೆದರೆ ಎರಡನ್ನೂ ಬರೆಯಿರಿ.

ಇನ್ನೊಂದು ಮಾತು. ಇಂತಹ ಲೇಖನಗಳಲ್ಲಿ ನಮ್ಮ ಮಾರಿಯನ್ನು ತಂದು ‘ಎಲ್ಲ ಕಡೆಯೂ ಹೀಗೆಯೇ’ ಎಂದು ಮುಗಿಸುವ ರೂಢಿ ಇದೆ. ಅದು ಸರಿಯಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಇಲ್ಲಿ ರೋಗ ಹೊರಗಿನಿಂದ ಬರುವ ದೇವತೆ. ಅವಳನ್ನು ಪೂಜಿಸಿ, ತಣಿಸಿ, ಮರ್ಯಾದೆಯಿಂದ ಊರ ಗಡಿ ದಾಟಿಸಬೇಕು. ಎಕ್ಸಿಟರಿನಲ್ಲಿ ರೋಗ ಮನೆಯ ಮಗಳ ಎದೆಯೊಳಗಿತ್ತು, ಗಡಿ ದಾಟಿಸಲು ಯಾರೂ ಇರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ.

ನ್ಯಾಯವೈದ್ಯೆ

ಮೂಡಲಪಾಯ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅರ್ಧ. ನಮ್ಮಲ್ಲೂ ಕ್ಷಯ ಹತ್ತಿದ ಮನೆಗೆ ಹೆಣ್ಣು ಕೊಡದ, ಅಲ್ಲಿಂದ ಹೆಣ್ಣು ತರದ ಕಾಲವಿತ್ತು. ರೋಗ ಆ ಮನೆಯೊಳಗೇ ಇದೆ ಎಂಬ ಎಣಿಕೆ ಅಲ್ಲೂ ಇದೆ; ಹೆಣದವರೆಗೆ ಹೋಗಲಿಲ್ಲ ಅಷ್ಟೆ.

ತುಂಗಾತೀರ

ತಮ್ಮೆಲ್ಲರ ಉತ್ತರಗಳಿಂದ ಲೇಖನದ ಶೀರ್ಷಿಕೆಯನ್ನೇ ಬದಲಾಯಿಸಬೇಕಾಗಿದೆ. ‘ರಕ್ತಪಿಶಾಚಿ’ ಎಂಬ ಪದವನ್ನು ತೆಗೆದು ‘ಕೊನೆಯ ಮನೆಮದ್ದು’ ಎಂದು ಇಡುತ್ತೇನೆ. ಒಂದೇ ಸಂದೇಹ ಉಳಿದಿದೆ. ಆ ಕಾಲದ ಅಮೆರಿಕದ ವಿದ್ಯಾವಂತರು ಇದನ್ನು ಹೇಗೆ ಕಂಡರು?

ಕಡತಪ್ರಿಯ

ಬಹುಮಟ್ಟಿಗೆ ನಾಚಿಕೆಯಿಂದ, ತಿರಸ್ಕಾರದಿಂದ. ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ 1859ರ ಸೆಪ್ಟೆಂಬರ್ 26ರ ದಿನಚರಿಯಲ್ಲಿ, ವರ್ಮಾಂಟಿನ ಕುಟುಂಬವೊಂದು ಕ್ಷಯದಿಂದ ಸತ್ತ ತಮ್ಮವರೊಬ್ಬರ ಶ್ವಾಸಕೋಶ, ಗುಂಡಿಗೆ, ಯಕೃತ್ತುಗಳನ್ನು ಸುಟ್ಟ ಸುದ್ದಿಯನ್ನು ಬರೆದುಕೊಂಡು, ಮನುಷ್ಯನೊಳಗಿನ ಕಾಡುತನ ಪೂರ್ತಿ ಅಳಿಯುವುದಿಲ್ಲ ಎಂಬರ್ಥದ ಟಿಪ್ಪಣಿ ಮಾಡಿದ್ದಾರೆ. ಅವರ ಒಡಹುಟ್ಟಿದವರ ಪೈಕಿ ಅಕ್ಕ ಹೆಲೆನ್ 1849ರಲ್ಲಿ ಕ್ಷಯದಿಂದಲೇ ತೀರಿಕೊಂಡಿದ್ದರು. ಥೋರೊ ಅವರೂ 1862ರಲ್ಲಿ, 44ನೆಯ ವಯಸ್ಸಿನಲ್ಲಿ, ಅದೇ ಕಾಯಿಲೆಯಿಂದ ಸತ್ತರು.